ಫೋನ್ ಬಂದರೆ ಓಡುತ್ತಿದ್ದೆವು, ಈಗ ಎತ್ತಲು ಹೆದರುತ್ತೇವೆ

ಒಂದು ಕಾಲಕ್ಕೆ ನಮ್ಮ ಕಡೆ ಫೋನ್ ಬಂತೆಂದರೆ ಊರಿಗೇ ಸುದ್ದಿ. ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಫೋನಿದ್ದ ಮನೆಯವರು ಹುಡುಗರನ್ನು ಓಡಿಸಿ, 'ಬೆಂಗಳೂರಿಂದ ಫೋನ್ ಬಂದೈತೆ' ಎಂದು ಕರೆಸುತ್ತಿದ್ದರು. ಹಳ್ಳಿಗೆಂದೇ ಸಿ-ಡಾಟ್ ತಯಾರಿಸಿದ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ, 1986ರಲ್ಲಿ.

1995ರಲ್ಲಿ ದೇಶಕ್ಕೆ ಮೊಬೈಲ್ ಬಂತು. ಆಗ ಬಂದ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು. 2003ರ ಮೇ 1ರಿಂದ ಒಳಬರುವ ಕರೆ ಉಚಿತವಾಯಿತು. ಬಡವರ ಕೈಗೂ ಮೊಬೈಲ್ ಬಂದದ್ದು ಇದರಿಂದಲೇ. ಆದರೆ ಕರೆಯ ದರ ಇಳಿದಂತೆಲ್ಲ ಬೇಡದ ಕರೆ ಹೆಚ್ಚಿತು. 2016ರಲ್ಲಿ ಜಿಯೋ ಬಂದ ಮೇಲೆ ಕರೆಗೆ ಬೆಲೆಯೇ ಇಲ್ಲದಂತಾಯಿತು. ಸಾವಿರ ಜನಕ್ಕೆ ಫೋನ್ ಮಾಡಿ ಒಬ್ಬರು ಸಿಕ್ಕರೂ ಅವರಿಗೆ ಲಾಭ. ಮಾತಾಡಲು ಮನುಷ್ಯರೂ ಬೇಕಿಲ್ಲ, 'ಒಂದನ್ನು ಒತ್ತಿ' ಎನ್ನುವ ರೆಕಾರ್ಡ್ ದನಿ ಸಾಕು.

ಸರ್ಕಾರ ಸುಮ್ಮನಿರಲಿಲ್ಲ. ರಾಮನಗರ ಜಿಲ್ಲೆಯಾದ 2007ರಲ್ಲೇ 'ಕರೆ ಬೇಡ' ಎಂದು ನೋಂದಾಯಿಸುವ ಪಟ್ಟಿಗೆ ಟ್ರಾಯ್ ನಿಯಮ ತಂದಿತು. 2011ರಿಂದ ನಿಯಮ ಬಿಗಿಯಾಯಿತು, ಮಾರಾಟದ ಕರೆಗೆ 140ರಿಂದ ಶುರುವಾಗುವ ನಂಬರ್ ಬಂತು. ನಿಯಮ ಪಾಲಿಸುವ ಕಂಪನಿಗೆ ಇದು ಲಗಾಮು. ಕಳ್ಳ ಯಾವ ಪಟ್ಟಿ ನೋಡಿ ಫೋನ್ ಮಾಡುತ್ತಾನೆ?

ಅಷ್ಟರಲ್ಲಿ ನಮ್ಮ ದುಡ್ಡೂ ಫೋನಿಗೆ ಬಂದಿತ್ತು. ರಾಮನಗರ ಮಾರ್ಕೆಟ್ಟಿನ ಗೂಡಿನ ಹಣ, ಡೈರಿ ಬಟವಾಡೆ, 2023ರಿಂದ ಗೃಹಲಕ್ಷ್ಮಿಯ 2000 ರೂಪಾಯಿ, ಎಲ್ಲ ಖಾತೆಗೇ ಬರುತ್ತದೆ. ಚನ್ನಪಟ್ಟಣದ ಗೊಂಬೆ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿ ಕೊಡುತ್ತೇವೆ. ಮೊದಲು ತಲೆನೋವಷ್ಟೇ ಆಗಿದ್ದ ಕರೆ ಈಗ ಜೇಬಿಗೇ ಕೈ ಹಾಕಿತು. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ 'ಡಿಜಿಟಲ್ ಅರೆಸ್ಟ್' ಮೋಸದ ಬಗ್ಗೆ ಎಚ್ಚರಿಸಿದಾಗ ಕೇಳಿಸಿದ್ದು ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆಯನ್ನೇ. ಕಾನೂನಿನಲ್ಲಿ ಅಂಥ ಅರೆಸ್ಟ್ ಇಲ್ಲವೇ ಇಲ್ಲ. ಯಾವ ಪೊಲೀಸರೂ ವಿಡಿಯೋ ಕಾಲಿನಲ್ಲಿ ಬಂಧಿಸುವುದಿಲ್ಲ, ಯಾವ ಬ್ಯಾಂಕೂ ಓಟಿಪಿ ಕೇಳುವುದಿಲ್ಲ.

ಮಾರಾಟದ ಕರೆ ನಿಲ್ಲಿಸಲು 1909ಕ್ಕೆ ಫೋನ್ ಮಾಡಿ ನೋಂದಾಯಿಸಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಹೇಳಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲೇ ತಡೆಯಲು ಅವಕಾಶ ಹೆಚ್ಚು. ಆದರೆ ಬೈಸಿಕೊಳ್ಳಬೇಕಲ್ಲ ಎಂದು ಎಷ್ಟೋ ಅವ್ವಂದಿರು ಮಕ್ಕಳಿಗೂ ಹೇಳದೆ ಕೂರುತ್ತಾರೆ, ಹೊತ್ತು ಮೀರುತ್ತದೆ. ಹಾಗಾಗಿ ಮನೆಯಲ್ಲಿ ಇವತ್ತೇ ಒಂದು ಮಾತು ಹೇಳಿಡಿ: 'ದುಡ್ಡು ಹೋದರೆ ಬೈಯಲ್ಲ, ಮೊದಲು ಹೇಳು.'