ಗೆದ್ದವರ ಕಿಸೆ ಸೇರಿದ ಕಪಿಲ್, ಕುಂಬ್ಳೆ

ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ತಂದ ಬೇಸ್‌ಬಾಲ್ ಕಾರ್ಡುಗಳಲ್ಲಿ ಮಿಕಿ ಮ್ಯಾಂಟಲ್‌ನದೂ ಒಂದು. 2022ರ ಆಗಸ್ಟ್‌ನಲ್ಲಿ ಅದರ ಒಂದು ಪ್ರತಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಅದೇ ಸರಣಿಯಲ್ಲಿ ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಅಟ್ಲಾಂಟಿಕ್‌ಗೆ ಸುರಿಸಿದ್ದಾಗಿ ಕಂಪನಿಯ ಸೈ ಬರ್ಗರ್ ಮುಂದೆ ಹೇಳಿಕೊಂಡ. ಅಲ್ಲಿ ಕಾರ್ಡು ಅಪರೂಪವಾಗಲು ಸಮುದ್ರವೇ ಬೇಕಾಯಿತು. ಕಲಬುರಗಿಯಲ್ಲಿ ಅದಕ್ಕೆ ಮಕ್ಕಳ ಕೈಯೇ ಸಾಕಾಯಿತು.

ಇಲ್ಲಿನ ಹುಡುಗರಿಗೆ ಆಟಗಾರರ ಕಾರ್ಡೆಂದರೆ ಖರ್ಚು ಮಾಡುವ ಹಣ. ಗೆದ್ದರೆ ಕಿಸೆ ತುಂಬುತ್ತಿತ್ತು, ಸೋತರೆ ಖಾಲಿ. ಆದ್ದರಿಂದಲೇ ಇಂದು ನಲವತ್ತು ದಾಟಿದವರ ಬಳಿ ನೆನಪು ಧಾರಾಳವಾಗಿದೆ, ಕಾರ್ಡು ಮಾತ್ರ ಇಲ್ಲ.

ಈ ಕಾರ್ಡುಗಳ ಮೂಲ ತಂಬಾಕಿನಲ್ಲಿದೆ. ಮೆತ್ತನೆಯ ಸಿಗರೇಟು ಪೊಟ್ಟಣ ಮಡಚಿ ಹೋಗದಿರಲೆಂದು ಒಳಗೆ ಇಡುತ್ತಿದ್ದ ದಪ್ಪ ಕಾಗದದ ಮೇಲೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಚಿತ್ರಗಳು ಬರತೊಡಗಿದವು. ಬ್ರಿಸ್ಟಲ್‌ನ ವಿಲ್ಸ್ ಕಂಪನಿ 1896ರಲ್ಲಿ ಐವತ್ತು ಕ್ರಿಕೆಟಿಗರ ಸರಣಿ ತಂದಿತು. ಮುಂದೆ ರಣಜಿತ್ ಸಿಂಹಜಿಯ ಚಿತ್ರವೂ ಸಿಗರೇಟು ಕಾರ್ಡುಗಳಲ್ಲಿ ಬಂತು. ಸರಿಯಾಗಿ ನೂರು ವರ್ಷದ ಮೇಲೆ, 1996ರಲ್ಲಿ, ಭಾರತ ಉಪಖಂಡದಲ್ಲಿ ನಡೆದ ವಿಶ್ವಕಪ್ಪಿಗೂ ವಿಲ್ಸ್ ಹೆಸರೇ ಇತ್ತು. ತಂಬಾಕು ಕ್ರಿಕೆಟ್ಟನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ.

ನಿಜಾಮರ ಸೀಮೆಗೆ ಸೇರಿದ್ದ ಕಲಬುರಗಿಗೆ ಹೈದರಾಬಾದಿನ ಚಾರ್‌ಮಿನಾರ್ ಸಿಗರೇಟು ಮನೆಮಾತು. ಅದರೊಳಗೆ ಕ್ರಿಕೆಟಿಗ ಇರದಿದ್ದರೂ ಹುಡುಗರು ಬಿಡಲಿಲ್ಲ. ಖಾಲಿ ಪ್ಯಾಕಿನ ಮುಖ ಹರಿದು, ಬ್ರ್ಯಾಂಡಿಗೊಂದು ಬೆಲೆ ಕಟ್ಟಿ, ಗೆರೆಯೊಳಗಿಟ್ಟು ಕಲ್ಲಿನಿಂದ ಹೊಡೆದು ಗೆಲ್ಲುವ ಆಟ ನಾಡಿನ ಅನೇಕ ಊರುಗಳಲ್ಲಿತ್ತು. ಕಡ್ಡಿಪೆಟ್ಟಿಗೆಯ ಚಿತ್ರಗಳಿಗೂ ಅದೇ ಗತಿ. ಕಾರ್ಡು ಬರುವ ಮುಂಚೆಯೇ ಕಾರ್ಡಿನ ಆಟ ಇಲ್ಲಿ ಸಿದ್ಧವಾಗಿತ್ತು.

ಎಪ್ಪತ್ತರ ದಶಕದಲ್ಲಿ ಆಟಗಾರರ ಮುಖ ಸಿಕ್ಕಿದ್ದು ಪತ್ರಿಕೆಗಳಿಂದ. 1978ರಲ್ಲಿ ಶುರುವಾದ ‘ಸ್ಪೋರ್ಟ್‌ಸ್ಟಾರ್’ನ ಬಣ್ಣದ ಚಿತ್ರಗಳು ಗೋಡೆಗೆ ಏರಿದವು, ‘ಪ್ರಜಾವಾಣಿ’ಯ ಕಪ್ಪು-ಬಿಳುಪು ಚಿತ್ರಗಳು ಗಂಜಿ ಹಚ್ಚಿಸಿಕೊಂಡು ನೋಟ್‌ಬುಕ್ಕಿನೊಳಗೆ ಕೂತವು. 1974ರಲ್ಲಿ ಕರ್ನಾಟಕ ಮೊದಲ ಬಾರಿ ರಣಜಿ ಟ್ರೋಫಿ ಗೆದ್ದು ಬಾಂಬೆಯ ಹದಿನೈದು ವರ್ಷಗಳ ಏಕಚಕ್ರಾಧಿಪತ್ಯ ಮುರಿದಿತ್ತು. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ ಮನೆಯವರೇ ಆಗಿದ್ದರು. ಟಿ.ವಿ. ವಿಷಯದಲ್ಲಿ ಈ ಸೀಮೆಗೆ ಒಂದು ಹೆಗ್ಗಳಿಕೆಯಿದೆ. 1975ರ ಆಗಸ್ಟ್‌ನಲ್ಲಿ ಆರಂಭವಾದ ಉಪಗ್ರಹ ಪ್ರಯೋಗ ‘ಸೈಟ್’ನಿಂದ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಬೆಂಗಳೂರಿಗಿಂತ ಮುಂಚೆ ಟಿ.ವಿ. ಕಂಡವು. ತೋರಿಸಿದ್ದು ಹೆಚ್ಚಾಗಿ ಕೃಷಿ, ಆರೋಗ್ಯ, ಪಾಠ. ಕ್ರಿಕೆಟ್ಟಿಗೆ ರೇಡಿಯೊವೇ ಗತಿ.

1983ರಲ್ಲಿ ಭಾರತ ವಿಶ್ವಕಪ್ ಗೆದ್ದದ್ದು ಲೆಕ್ಕ ಬದಲಿಸಿತು. ಆ ಟೂರ್ನಿಯಲ್ಲಿ ಅತಿ ಹೆಚ್ಚು, 18 ವಿಕೆಟ್ ಪಡೆದವರು ನಮ್ಮ ರೋಜರ್ ಬಿನ್ನಿ. ಆ ಗೆಲುವಿನ ಅಲೆ 1987ರ ರಿಲಯನ್ಸ್ ಕಪ್ ಹೊತ್ತಿಗೆ ಕಿರಾಣಿ ಅಂಗಡಿಯ ಗಾಜಿನ ಭರಣಿಗೂ ತಲುಪಿತು. ಅದರಲ್ಲಿದ್ದದ್ದು ಬಿಗ್ ಫನ್ ಬಬಲ್ ಗಮ್. ಹೊದಿಕೆ ಬಿಚ್ಚಿದರೆ ಒಬ್ಬ ಆಟಗಾರನ ಚಿತ್ರ, ಜೊತೆಗೆ ಇಷ್ಟು ರನ್ ಅಥವಾ ಒಂದು ವಿಕೆಟ್. ನಿಗದಿತ ರನ್ ಕೂಡಿದರೆ ಬಹುಮಾನ. ಆ ಬಹುಮಾನಗಳಲ್ಲಿ ಜನರ ಬಾಯಲ್ಲಿ ಉಳಿದದ್ದು ಅಂಗೈಯಗಲದ ಚಿತ್ರಪುಸ್ತಕ: ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಆಟಗಾರನಿಗೆ ಜೀವ ಬರುತ್ತಿತ್ತು.

ಇದರ ಜಾಣತನ ಗಮನಿಸಬೇಕು. ಅಮೆರಿಕದ ಹುಡುಗ ಸರಣಿ ಪೂರ್ತಿ ಮಾಡಲು ಕಾರ್ಡು ಕೂಡಿಟ್ಟ. ಇಲ್ಲಿನ ಹುಡುಗ ರನ್ ಕೂಡಿಸಿ, ಕಾರ್ಡು ಒಪ್ಪಿಸಿ, ಬೇರೇನೋ ಪಡೆದ. ಅಂದರೆ ಕಾರ್ಡನ್ನು ವಾಪಸ್ ಕೊಡುವುದೇ ಆಟದ ಗುರಿ. ನಡುವೆ ಚೌಕಾಸಿ ಬೇರೆ. “ನಿನ್ ಬಲ್ಲಿ ಕಪಿಲ್ ಹಾನೇನು?” ಎಂದು ಶುರುವಾದ ಮಾತು ಎರಡು ಸಿಕ್ಸರ್‌ಗೆ ಒಂದು ವಿಕೆಟ್ ಎಂಬಲ್ಲಿಗೆ ಮುಗಿಯುತ್ತಿತ್ತು. ಕಮಲಾಪುರದಂಥ ಊರಿನ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ನಗರದಿಂದ ಬರುವ ನೆಂಟರ ಹುಡುಗರೇ ಸಗಟು ವ್ಯಾಪಾರಿಗಳು.

ತೊಂಬತ್ತರ ದಶಕ ಟ್ರಂಪ್ ಕಾರ್ಡಿನದು. ಬ್ರಿಟನ್ನಿನಲ್ಲಿ ಎಪ್ಪತ್ತರ ದಶಕದ ಕೊನೆಗೆ ಜನಪ್ರಿಯವಾದ ಈ ಆಟ ಭಾರತಕ್ಕೆ ಬಂದು ಕ್ರಿಕೆಟ್ ವೇಷ ತೊಟ್ಟಿತು. ಕಟ್ಟನ್ನು ಸಮನಾಗಿ ಹಂಚಿಕೊಂಡು, ಮೇಲಿನ ಕಾರ್ಡಿನಿಂದ ರನ್, ವಿಕೆಟ್, ಕ್ಯಾಚ್, ಗರಿಷ್ಠ ಮೊತ್ತ ಇವುಗಳಲ್ಲಿ ಒಂದನ್ನು ಕೂಗಬೇಕು. ಹೆಚ್ಚು ಇದ್ದವನು ಎದುರಾಳಿಯ ಕಾರ್ಡು ಕಸಿಯುತ್ತಾನೆ. ಶ್ರೀನಾಥ್, ಕುಂಬ್ಳೆ ಕೈಯಲ್ಲಿದ್ದವನು ತನ್ನ ಸರದಿ ಬಂದಾಗ ರಾಜ, ಎದುರಾಳಿ ರನ್ ಕೂಗಿದರೆ ಬಡವ. ಚಂದ್ರಶೇಖರ್ ಈ ಕಾಲಕ್ಕೆ ನಿವೃತ್ತರಾಗಿದ್ದರು, ಇರಲಿ. ಆದರೆ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದು 167 ರನ್ ಮಾತ್ರ ಹೊಡೆದ ಅವರಂಥ ಕಾರ್ಡು ಈ ಆಟಕ್ಕೆ ಹೇಳಿ ಮಾಡಿಸಿದ್ದು.

ಕೇಬಲ್ ಟಿ.ವಿ. ಜೊತೆ ಬಂದ ಡಬ್ಲ್ಯು.ಡಬ್ಲ್ಯು.ಎಫ್. ಕುಸ್ತಿಪಟುಗಳ ಕಟ್ಟು ಕ್ರಿಕೆಟ್ಟನ್ನೂ ಹಿಂದೆ ಹಾಕಿತು. ಎತ್ತರ, ತೂಕ, ಎದೆಸುತ್ತಳತೆ, ರ‍್ಯಾಂಕ್. ಹಲ್ಕ್ ಹೋಗನ್, ಅಂಡರ್‌ಟೇಕರ್, ಯೊಕೊಜುನಾ ಅಳತೆಗಳು ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬಂದವು. ಇದೊಂದು ತಮಾಷೆ. ಜಾತ್ರೆಯಲ್ಲಿ ಕಣದಲ್ಲಿ ಕಾದಾಡಿ ಬೆಳ್ಳಿ ಕಡಗ ಗೆಲ್ಲುವ ಪೈಲ್ವಾನರು ಇದ್ದ ಸೀಮೆಯಲ್ಲಿ, ಅವರ ತೂಕ ಯಾರಿಗೂ ಗೊತ್ತಿಲ್ಲ. ಕಾರ್ಡು ಟಿ.ವಿ.ಯಲ್ಲಿ ಕಂಡವರನ್ನಷ್ಟೇ ಅಚ್ಚು ಹಾಕಿತು. ಹಂಬಲದ ಮಾತಾಡುವಾಗ ಈ ಕೊರತೆಯನ್ನೂ ಹೇಳಬೇಕಾಗುತ್ತದೆ.

1999ರಲ್ಲಿ ಬ್ರಿಟಾನಿಯಾ ಬಿಸ್ಕತ್ತಿನ ಹೊದಿಕೆಗೂ ರನ್ ಬಂದವು. ಕೂಡಿಸಿದವರಿಗೆ ಇಂಗ್ಲೆಂಡಿನ ವಿಶ್ವಕಪ್ ನೋಡುವ ಆಸೆ. 2010ರ ದಶಕದಲ್ಲಿ ಟಾಪ್ಸ್ ಕಂಪನಿಯೇ ಐ.ಪಿ.ಎಲ್. ತಂಡಗಳ ‘ಕ್ರಿಕೆಟ್ ಅಟ್ಯಾಕ್ಸ್’ ತಂದಿತು. ಹೊಳೆಯುವ ಕಾರ್ಡು, ಅಚ್ಚುಕಟ್ಟಾದ ಆಲ್ಬಮ್. ಆಲ್ಬಮ್ ಬಂದ ಮೇಲೆ ಮಕ್ಕಳು ಕೂಡಿಡಲು ಕಲಿತರು, ಆಡುವುದು ಹಿಂದೆ ಸರಿಯಿತು. ನಂತರ ಡಿಜಿಟಲ್ ಕಾರ್ಡಿನ ಸರದಿ. ಆಟಗಾರರ ಹೆಸರು, ಚಿತ್ರಗಳ ಬಳಕೆ ಕುರಿತು, ಅಂಥ ಕಾರ್ಡು ಮಾರುವ ರಾರಿಯೊ ಕಂಪನಿ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2023ರ ಏಪ್ರಿಲ್‌ನಲ್ಲಿ ಮಧ್ಯಂತರ ತಡೆ ಕೊಡಲು ಒಪ್ಪಲಿಲ್ಲ. ಸಾರ್ವಜನಿಕವಾಗಿ ಸಿಗುವ ಮಾಹಿತಿ ಒಬ್ಬರ ಸೊತ್ತಲ್ಲ ಎಂಬುದು ಅದರ ನಿಲುವು. ತೊಂಬತ್ತರ ದಶಕದ ಕಟ್ಟುಗಳಿಗೆ ಯಾರ ಅನುಮತಿ ಇತ್ತೆಂದು ಕೇಳಿದವರೇ ಇರಲಿಲ್ಲ.

ಈಗ ಕಲಬುರಗಿಗೆ ತನ್ನದೇ ಹೆಸರಿನ ತಂಡವಿದೆ. 2022ರ ಮಹಾರಾಜ ಟ್ರೋಫಿ ಗೆದ್ದದ್ದು ಗುಲ್ಬರ್ಗ ಮಿಸ್ಟಿಕ್ಸ್. ಆದರೆ ಆ ವರ್ಷದ ಪಂದ್ಯಗಳೆಲ್ಲ ಮೈಸೂರು, ಬೆಂಗಳೂರಿನಲ್ಲೇ ನಡೆದವು. 2024ರ ಮಹಿಳಾ ಪ್ರೀಮಿಯರ್ ಲೀಗಿನಲ್ಲಿ 13 ವಿಕೆಟ್ ಪಡೆದು ಮೊದಲ ಸ್ಥಾನದಲ್ಲಿ ನಿಂತ ಶ್ರೇಯಾಂಕಾ ಪಾಟೀಲ್ ಮೂಲತಃ ಕಲಬುರಗಿಯವರು. ಮೂವತ್ತು ವರ್ಷ ಮುಂಚೆ ಆಡಿದ್ದರೆ ಎಷ್ಟು ಕಿಸೆ ಸೇರುತ್ತಿದ್ದರೋ.

ಹಳೆಯ ಕಟ್ಟುಗಳನ್ನು ಹುಡುಕುವವರು ಹೆಚ್ಚಿದಂತೆ ಮರುಮುದ್ರಣಗಳೂ ಮಾರುಕಟ್ಟೆಗೆ ಬಂದಿವೆ. ನಮ್ಮ ಕಾರ್ಡುಗಳಲ್ಲಿ ಮುದ್ರಣದ ವರ್ಷ ಸಿಗುವುದು ಅಪರೂಪ. ಅಂಕಿಗಳೇ ಸಾಕ್ಷಿ. ಕಪಿಲ್ ದೇವ್ ಹೆಸರಿನಲ್ಲಿ 434 ಟೆಸ್ಟ್ ವಿಕೆಟ್ ಇದ್ದರೆ ಆ ಕಾರ್ಡು 1994ಕ್ಕಿಂತ ಹಿಂದಿನದಲ್ಲ. ದ್ರಾವಿಡ್ ಇದ್ದರೆ ಬಹುತೇಕ 1996ರ ನಂತರದ್ದು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂಥದ್ದೊಂದು ಕಟ್ಟು ಸಿಕ್ಕರೆ ಮಾರುವ ಅವಸರ ಬೇಡ, ಲ್ಯಾಮಿನೇಶನ್ ಮಾಡಿಸಲೂ ಬೇಡಿ. ಯಾವ ಊರಿನ ಯಾವ ಅಂಗಡಿಯಲ್ಲಿ ಕೊಂಡದ್ದು, ಯಾರಿಂದ ಗೆದ್ದದ್ದು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.