ಬುಟ್ಟಿಯಿಂದ ಗಾಜಿನ ಪೆಟ್ಟಿಗೆಗೆ

ಇಂದು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಎಂದು ಹೆಸರಾಂತಿರುವ ಬೆಂಗಳೂರಿನ ದಕ್ಷಿಣಭಾಗವು, 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾಗುವ ಮುನ್ನ, ಬೈರಸಂದ್ರ, ಯಡಿಯೂರು, ಸಾರಕ್ಕಿ, ತಾವರೆಕೆರೆ, ಮಡಿವಾಳ ಮೊದಲಾದ ಗ್ರಾಮಗಳ ಹೊಲಗದ್ದೆಗಳಿಂದಲೂ ಕೆರೆಯಂಗಳಗಳಿಂದಲೂ ಕೂಡಿದ ಸೀಮೆಯಾಗಿತ್ತು. ಅಲ್ಲಿಯ ಜನಕ್ಕೆ ಉರಗವು ಅಪರಿಚಿತ ಪ್ರಾಣಿಯಲ್ಲ. ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಅರಿಶಿನ ಕುಂಕುಮವಿಟ್ಟು, ಹುತ್ತಕ್ಕೆ ತನಿಯೆರೆದು ಬಂದರೆ ಪೂಜೆ ಸಾಂಗವಾಯಿತು. ಹಾವು ತನ್ನ ಹುತ್ತದಲ್ಲಿಯೂ ಮನುಷ್ಯ ತನ್ನ ಮನೆಯಲ್ಲಿಯೂ ಇರತಕ್ಕದ್ದೆಂಬುದು ಆ ಆಚಾರದೊಳಗೆ ಅಡಗಿದ್ದ ಒಪ್ಪಂದ. ಹಾವಿಗೂ ಅದರಿಂದ ಹಿತವಿತ್ತು: ಸ್ವೇಚ್ಛೆಯಾಗಿ ಸಂಚರಿಸುವ ಪ್ರಾಣಿಯು ತಾನು ವಿಸರ್ಜಿಸಿದ ಮಲವನ್ನೂ ಅದರೊಳಗಿನ ಜಂತುಗಳ ಮೊಟ್ಟೆಗಳನ್ನೂ ಬಿಟ್ಟು ಮುಂದೆ ಸರಿಯುತ್ತದೆಯಾದ್ದರಿಂದ, ಒಂದು ಸಲ ಕಳೆದುಕೊಂಡ ಪೀಡೆಯು ಅದೇ ದೇಹಕ್ಕೆ ಪುನಃ ಬಂದು ಸೇರುವ ಸಂಭವ ಅಲ್ಲಿ ಅಲ್ಪ.

ಆ ಒಪ್ಪಂದವನ್ನು ಮುರಿದವನು ಹಾವಾಡಿಗ. ಪುಂಗಿಯೂದುತ್ತ, ಬಿದಿರಿನ ಬುಟ್ಟಿಗಳನ್ನು ಹೊತ್ತು ಬೀದಿಬೀದಿಗೆ ಬರುತ್ತಿದ್ದ ಅವನಿಗೆ ಗೃಹಿಣಿಯರು ಅಕ್ಕಿ, ಕಾಸು, ಹಳೆಯ ಬಟ್ಟೆಗಳನ್ನು ಕೊಡುತ್ತಿದ್ದರು. ನಾಗರಪಂಚಮಿ ಬಂದರೆ ಹಾಲನ್ನೂ ತಂದಿಡುತ್ತಿದ್ದರು. ಹಲ್ಲು ಕೀಳಿಸಿಕೊಂಡು, ದಿನಗಟ್ಟಲೆ ನೀರು ಕಾಣದೆ ಇದ್ದ ನಾಗರವು ಬಾಯಾರಿಕೆಯನ್ನು ತಾಳಲಾರದೆ ಹಾಲಿಗೆ ಬಾಯಿಟ್ಟರೆ, ನೋಡಿದವರಿಗೆ ಅದು ನೈವೇದ್ಯಸ್ವೀಕಾರವಾಗಿ ಕಾಣುತ್ತಿತ್ತು. ಸುರುಳಿ ಸುತ್ತುವಷ್ಟೇ ಜಾಗವಿದ್ದ ಆ ಬುಟ್ಟಿಯಲ್ಲಿ ಉಣ್ಣುವುದು, ಮಲಗುವುದು, ವಿಸರ್ಜಿಸುವುದು ಎಲ್ಲವೂ ಒಂದೆಡೆಯೇ. ಬಾಯಿ ಹುಣ್ಣಾಗಿ ಕೆಲವೇ ತಿಂಗಳಲ್ಲಿ ಒಂದು ಹಾವು ಸತ್ತರೆ ಮತ್ತೊಂದು ಹಾವು ಬುಟ್ಟಿಗೆ ಬರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ವೃತ್ತಿಗೆ ತಡೆಯೊಡ್ಡಿದ ಮೇಲೆ ಪುಂಗಿಯ ನಾದ ಈ ಬಡಾವಣೆಗಳಿಂದ ಕ್ರಮೇಣ ಮರೆಯಾಯಿತು.

ವೃತ್ತಿಯು ಅಳಿದರೂ ಉರಗವನ್ನು ಕೈವಶಮಾಡಿಕೊಳ್ಳುವ ಅಭಿಲಾಷೆ ಅಳಿಯಲಿಲ್ಲ. ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ನಕ್ಷತ್ರ ಆಮೆಯನ್ನು ಮನೆಯಲ್ಲಿ ಗುಟ್ಟಾಗಿ ಸಾಕಿದವರುಂಟು; ಅದು ಅಪರಾಧ, ಮತ್ತು 2019ರಿಂದ ಆ ಪ್ರಾಣಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಟ್ಟುನಿಟ್ಟಾದ ನಿಷೇಧವಿದೆ. ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ, ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಅಮೆರಿಕದ ಆಮೆಮರಿಗಳು ಬಂದುವು. ಈ ಶತಮಾನದಲ್ಲಿ ಬಾಲ್ ಪೈಥಾನ್, ಇಗ್ವಾನಾ, ಆಸ್ಟ್ರೇಲಿಯದ ಗಡ್ಡದ ಓತಿಗಳು ಮಹಡಿಮನೆಗಳ ಗಾಜಿನ ಪೆಟ್ಟಿಗೆಗಳನ್ನು ಸೇರಿದುವು. ಇಂಥ ವಿದೇಶೀ ಪ್ರಾಣಿಗಳಲ್ಲಿ ಕಾಯಿದೆಯ ಪಟ್ಟಿಗೆ ಸೇರಿದುವನ್ನು ಸಾಕುವವರು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂದು 2024ರ ನಿಯಮಗಳು ವಿಧಿಸಿದುವು.

ಹೊಸ ಸಾಕಣೆಗಾರನಲ್ಲಿ ಕ್ರೌರ್ಯವಿಲ್ಲ, ಅಕ್ಕರೆಯುಂಟು. ಪೆಟ್ಟಿಗೆಯೊಳಗೆ ಬಿಸಿದೀಪ, ಒಣಕೊಂಬೆ, ನೀರಿನ ಬಟ್ಟಲು, ನೆಲಕ್ಕೆ ತೆಂಗಿನ ನಾರಿನ ಪುಡಿಯ ಹಾಸು, ಎಲ್ಲವೂ ಉಂಟು. ಆದರೆ ಬುಟ್ಟಿಯ ದೋಷ ಪೆಟ್ಟಿಗೆಯನ್ನು ಬಿಟ್ಟಿಲ್ಲ. ಲಾಡಿಹುಳುವಿನಂತಹ ಕೆಲವು ಜಂತುಗಳಿಗೆ ಕಪ್ಪೆಯೋ ಇಲಿಯೋ ಕೀಟವೋ ನಡುವೆ ಆಶ್ರಯವಾಗಿ ದೊರೆಯದಿದ್ದರೆ ಬಾಳು ಮುಂದೆ ಸಾಗದು; ಅವು ಪೆಟ್ಟಿಗೆಯಲ್ಲಿ ತಾವಾಗಿಯೇ ಕ್ಷಯಿಸುತ್ತವೆ. ಮಲದಿಂದ ನೇರವಾಗಿ ಬಾಯಿಗೆ ಸೇರುವ ದಾರದ ಹುಳು, ಕಾಕ್ಸಿಡಿಯವೆಂಬ ಸೂಕ್ಷ್ಮ ಪರೋಪಜೀವಿ ಮುಂತಾದುವಾದರೋ, ಕಾಡಿನಲ್ಲಿ ಮಿತವಾಗಿದ್ದುವು, ಗಾಜಿನ ನಾಲ್ಕು ಗೋಡೆಗಳೊಳಗೆ ದಿನೇ ದಿನೇ ವೃದ್ಧಿಸುತ್ತವೆ. ನಮ್ಮ ಕುರುಬರು ರಾತ್ರಿಯಿಂದ ರಾತ್ರಿಗೆ ಹೊಲದಿಂದ ಹೊಲಕ್ಕೆ ಮಂದೆಯನ್ನು ಬದಲಿಸುತ್ತಿದ್ದಾಗ ಹೊಲಕ್ಕೆ ಗೊಬ್ಬರವಾದಂತೆಯೇ ಕುರಿಗೂ ತನ್ನ ಹಿಕ್ಕೆಯಿಂದ ಬಿಡುಗಡೆಯಾಗುತ್ತಿತ್ತು. ಪೆಟ್ಟಿಗೆಯ ಪ್ರಾಣಿಗೆ ಮಂದೆ ಬದಲಿಸುವ ಉಪಾಯವಿಲ್ಲ.

ಹಾವಿನ ನುಸಿಯ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ. 1844ರಲ್ಲಿ ಫ್ರಾನ್ಸಿನ ಜೆರ್ವೆ ಎಂಬ ಪ್ರಾಣಿಶಾಸ್ತ್ರಜ್ಞನು ವರ್ಣಿಸಿದ ಈ ಕ್ಷುದ್ರಜೀವಿಯು, ಸಾಕಿದ ಹಾವುಗಳ ಜೊತೆಜೊತೆಗೆ ಜಗತ್ತನ್ನೆಲ್ಲ ಸುತ್ತಿ ಬಂದಿದೆ. 1953ರಲ್ಲಿ ಅಮೆರಿಕದ ಕ್ಯಾಮಿನ್ ಎಂಬ ವಿಜ್ಞಾನಿಯು ಇದರ ಬಾಳಿನ ಐದು ಅವಸ್ಥೆಗಳನ್ನು ವಿವರಿಸಿದನು: ಮೊಟ್ಟೆ, ಮರಿ, ಎರಡು ನಡುವಣ ರೂಪಗಳು, ಪ್ರೌಢ. ಇವುಗಳಲ್ಲಿ ರಕ್ತವನ್ನು ಹೀರುವುವು ಎರಡೇ. ರಕ್ತ ಕುಡಿದ ಹೆಣ್ಣು ಹಾವಿನ ಮೈಯನ್ನು ಬಿಟ್ಟಿಳಿದು, ಪೆಟ್ಟಿಗೆಯ ಮೂಲೆಯ ಬಿರುಕಿನಲ್ಲಿ, ಕೊಂಬೆಯ ತೊಗಟೆಯಡಿಯಲ್ಲಿ ಮೊಟ್ಟೆಯಿಡುತ್ತದೆ. ನೀರಿನ ಬಟ್ಟಲಿನ ತಳದಲ್ಲಿ ಎಳ್ಳಿಗಿಂತ ಸಣ್ಣ ಕರಿಯ ಚುಕ್ಕೆಗಳು ಮುಳುಗಿ ಸತ್ತಿರುವುದನ್ನು ಕಂಡು ಹಾವನ್ನು ತೊಳೆದು ನಿಶ್ಚಿಂತನಾದವನಿಗೆ, ಒಂದೆರಡು ವಾರಗಳಲ್ಲಿ ಆ ಚುಕ್ಕೆಗಳೇ ಹುರುಪೆಗಳ ಸಂದಿಯಿಂದ ಮತ್ತೆ ದರ್ಶನ ಕೊಡುತ್ತವೆ.

ಔಷಧಗಳಿಗೂ ಒಂದು ಇತಿಹಾಸವುಂಟು. ಜಪಾನಿನ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯಿಂದ ಹುಟ್ಟಿದ ಐವರ್ಮೆಕ್ಟಿನ್, 1980ರ ದಶಕದಲ್ಲಿ ಪಶುವೈದ್ಯಕ್ಕೆ ಬಂದು, 2015ರಲ್ಲಿ ಅದರ ಶೋಧಕರಾದ ಒಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ತಂದಿತು. ಹಾವಿನ ನುಸಿಗೆ ಮದ್ದಾದ ಅದೇ ವಸ್ತು ಆಮೆಗೆ ಪ್ರಾಣಾಂತಕವೆಂದು 1983ರಷ್ಟು ಹಿಂದೆಯೇ ವರದಿಯಾಯಿತು. ಆಮೆಯ ಜಂತುವಿಗೆ ವೈದ್ಯರು ಫೆನ್‌ಬೆಂಡಜೋಲ್ ಕೊಡುತ್ತಾರೆ. ಆದರೂ ಯಾವ ಔಷಧವೂ ದೇಹದ ಹೊರಗಿನ ಮೊಟ್ಟೆಯನ್ನು ತಲಪಲಾರದು.

ಆದುದರಿಂದ ಮದ್ದು ಕುಡಿಸಿದ ದಿನವೇ ಪ್ರಾಣಿಯ ಪೆಟ್ಟಿಗೆಯನ್ನೂ ಶುದ್ಧಿಗೊಳಿಸತಕ್ಕದ್ದು. ನಾರಿನ ಪುಡಿಯನ್ನೆಲ್ಲ ಹೊರಹಾಕಿ, ಚಿಕಿತ್ಸೆ ಮುಗಿಯುವವರೆಗೆ ಹಳೆಯ ವೃತ್ತಪತ್ರಿಕೆಯನ್ನು ಹಾಸಿ, ಮಲ ಕಂಡೊಡನೆ ಹಾಳೆಯನ್ನು ಬದಲಿಸಬೇಕು. ರಂಧ್ರಗಳುಳ್ಳ ಕೊಂಬೆಯನ್ನು ಎಸೆಯಬೇಕು. ಪ್ರಾಣಿಯನ್ನು ಬೇರೆಡೆಗಿರಿಸಿ, ಪೆಟ್ಟಿಗೆಯನ್ನೂ ಬಟ್ಟಲನ್ನೂ ಮೊದಲು ಉಜ್ಜಿ ತೊಳೆದು ಆಮೇಲೆ ಕುದಿನೀರು ಅಥವಾ ಹಬೆಯಿಂದ ಬೇಯಿಸಿ, ಪೂರ್ಣವಾಗಿ ಒಣಗಿಸಬೇಕು. ಕಾಕ್ಸಿಡಿಯದ ಗಡುಸು ಕವಚಕ್ಕೆ ಬ್ಲೀಚಿಂಗ್ ಪುಡಿ ನಾಟುವುದಿಲ್ಲ. ನಮ್ಮ ಮನೆಗಳಲ್ಲಿ ನೆಲ ಒರೆಸಲು ಬಳಸುವ ಫಿನೈಲ್ ಉರಗಕ್ಕೆ ವಿಷವಾದ್ದರಿಂದ ಅದನ್ನು ಪೆಟ್ಟಿಗೆಯ ಬಳಿಗೂ ತರಬಾರದು. ಹೊಸದಾಗಿ ಬಂದ ಪ್ರಾಣಿಯನ್ನು ಕೆಲವು ವಾರ ಬೇರೆ ಕೋಣೆಯಲ್ಲಿರಿಸಿ, ಅದಕ್ಕೆ ಬೇರೆಯೇ ಇಕ್ಕಳವನ್ನೂ ಬಟ್ಟಲನ್ನೂ ಮೀಸಲಿಡಬೇಕು. ಹಾಗೆಂದು ಪ್ರತಿಯೊಂದು ಹುಳುವನ್ನೂ ನಿರ್ಮೂಲಮಾಡುವ ಹಟವೂ ಸಲ್ಲದು. ಸೊಪ್ಪು ತಿನ್ನುವ ಆಮೆಯ ಕರುಳಿನಲ್ಲಿ ದಾರದ ಹುಳು ಅಲ್ಪಸಂಖ್ಯೆಯಲ್ಲಿರುವುದು ಸಹಜ. ಎಷ್ಟಿದ್ದರೆ ಮದ್ದು ಬೇಕೆಂಬುದನ್ನು ವೈದ್ಯರು ಮಲಪರೀಕ್ಷೆಯಿಂದ ನಿಶ್ಚಯಿಸಲಿ.

ಚಿಕಿತ್ಸೆಯ ಬಳಿಕ ಕೆಲವು ವಾರ ಕಳೆದು ಮಾಡಿಸಿದ ಮರುಪರೀಕ್ಷೆ ತೃಪ್ತಿಕರವಾಗಿ ಬಂದಾಗಲೇ ರೋಗ ತೀರಿತೆನ್ನಬಹುದು. ಪೆಟ್ಟಿಗೆಯನ್ನು ತೊಳೆಯಲು ಬಿಡುವಿಲ್ಲದವರು ಉರಗವನ್ನು ಸಾಕದಿರುವುದೇ ಲೇಸು.