ಟಿಪ್ಪಿಂಗ್ ಟ್ರೇಲರ್ ಆಯ್ಕೆ, ಖರೀದಿ ಮತ್ತು ನೋಂದಣಿ: ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಟ್ರ್ಯಾಕ್ಟರ್ ಮಾಲೀಕರಿಗೆ ಮಾಹಿತಿ

ಟ್ರ್ಯಾಕ್ಟರಿಗೆ ಜೋಡಿಸುವ ಟ್ರೇಲರ್ ಕೊಳ್ಳಲು ಹಾಗೂ ಅದರ ನೋಂದಣಿಗೆ ಅರ್ಜಿ ಸಲ್ಲಿಸಲು ಇಚ್ಛಿಸುವ ರೈತರು ಮತ್ತು ಮಾಲೀಕರ ಅವಗಾಹನೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಟ್ರೇಲರನ್ನು ಒಮ್ಮೆ ಕೊಂಡು ನೋಂದಾಯಿಸಿದ ನಂತರ ಅದರ ರಚನೆಯನ್ನು ಇಚ್ಛೆಗೆ ತಕ್ಕಂತೆ ಬದಲಿಸಲು ಅವಕಾಶವಿರುವುದಿಲ್ಲ. ಆದ್ದರಿಂದ ಮುಂಗಡ ಹಣ ಪಾವತಿಸುವ ಮೊದಲೇ ಈ ಪುಟವನ್ನು ಪೂರ್ಣವಾಗಿ ಓದಿಕೊಳ್ಳಲು ಕೋರಲಾಗಿದೆ.

1. ಟ್ರೇಲರ್ ಎಂದರೇನು?

ಮೋಟಾರು ವಾಹನ ಎಳೆಯುವ ಅಥವಾ ಎಳೆಯಲೆಂದು ನಿರ್ಮಿಸಿದ ವಾಹನವನ್ನು ಮೋಟಾರು ವಾಹನಗಳ ಕಾಯಿದೆ, 1988ರ ಕಲಂ 2ರಲ್ಲಿ ಟ್ರೇಲರ್ ಎಂದು ವ್ಯಾಖ್ಯಾನಿಸಲಾಗಿದೆ. ಸೈಡ್‌ಕಾರ್ ಹಾಗೂ ಸೆಮಿ ಟ್ರೇಲರ್ ಈ ವ್ಯಾಖ್ಯಾನದಲ್ಲಿ ಸೇರಿರುವುದಿಲ್ಲ. ಟ್ರೇಲರಿಗೆ ಎಂಜಿನ್ ಇಲ್ಲದಿದ್ದರೂ ಅದಕ್ಕೆ ಪ್ರತ್ಯೇಕ ನೋಂದಣಿ ಕಡ್ಡಾಯ. ಟ್ರ್ಯಾಕ್ಟರಿನ ನೋಂದಣಿಯು ಟ್ರೇಲರಿಗೆ ಅನ್ವಯಿಸುವುದಿಲ್ಲ.

ಬಳಕೆಯಲ್ಲಿರುವ ಟ್ರೇಲರ್‌ಗಳಲ್ಲಿ ಎರಡು ವಿಧಗಳಿವೆ. ಮೊದಲನೆಯದು ತೊಟ್ಟಿ ಅಲುಗಾಡದ ಸ್ಥಿರ ಟ್ರೇಲರ್. ಎರಡನೆಯದು ಹೈಡ್ರಾಲಿಕ್ ಜಾಕಿನ ನೆರವಿನಿಂದ ತೊಟ್ಟಿಯ ಮುಂಭಾಗ ಮೇಲೆದ್ದು ಸರಕು ಹಿಂದಕ್ಕೆ ಸುರಿಯುವ ಟಿಪ್ಪಿಂಗ್ ಟ್ರೇಲರ್.

2. ಯಾವ ಸರಕಿಗೆ ಯಾವ ಟ್ರೇಲರ್?

(ಅ) ಒಣಮೆಣಸಿನಕಾಯಿ: ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳಲ್ಲಿ ಬರುತ್ತದೆ. ಚೀಲಗಳನ್ನು ಹಮಾಲರು ಇಳಿಸುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆಯು ಅದರ ಬಣ್ಣ ಹಾಗೂ ಕಾಯಿಯ ಸ್ಥಿತಿಯನ್ನು ಅವಲಂಬಿಸಿದೆ. ಎತ್ತರದಿಂದ ಸುರಿದರೆ ಒಣಕಾಯಿ ಮುರಿದು ಬೀಜ ಉದುರುತ್ತದೆ. ಮುಖ್ಯವಾಗಿ ಮೆಣಸಿನಕಾಯಿ ಸಾಗಿಸುವವರಿಗೆ ಟಿಪ್ಪಿಂಗ್ ಸೌಲಭ್ಯದ ಅಗತ್ಯವಿಲ್ಲ. ಅಗಲವಾದ ತೊಟ್ಟಿಯ ಸ್ಥಿರ ಟ್ರೇಲರ್ ಸಾಕಾಗುತ್ತದೆ.

(ಆ) ಗೋವಿನಜೋಳ: ಚೀಲ ತುಂಬದೆ ರಾಶಿಯನ್ನೇ ನೇರವಾಗಿ ಸಾಗಿಸಿ ಕಣದಲ್ಲಿ ಅಥವಾ ಗೋದಾಮಿನ ಮುಂದೆ ಸುರಿಯುವವರಿಗೆ ಟಿಪ್ಪಿಂಗ್ ಟ್ರೇಲರಿನಿಂದ ಕೂಲಿ ಮತ್ತು ಸಮಯ ಉಳಿಯುತ್ತದೆ. ಚೆನ್ನಾಗಿ ಒಣಗಿದ ಕಾಳು ಸುಮಾರು 25ರಿಂದ 30 ಡಿಗ್ರಿ ಇಳಿಜಾರಿನಲ್ಲಿ ಜಾರತೊಡಗುತ್ತದೆ.

(ಇ) ತಿಪ್ಪೆಗೊಬ್ಬರ, ಕೆರೆಮಣ್ಣು, ಉಸುಕು, ಜಲ್ಲಿ: ಇವುಗಳಿಗೆ ಟಿಪ್ಪಿಂಗ್ ಟ್ರೇಲರ್ ಹೆಚ್ಚು ಉಪಯುಕ್ತ. ಆದರೆ ಹಸಿ ಗೊಬ್ಬರ ಮತ್ತು ಹಸಿ ಮಣ್ಣು 45 ಡಿಗ್ರಿ ಎತ್ತಿದಾಗಲೂ ತೊಟ್ಟಿಗೆ ಅಂಟಿಕೊಳ್ಳಬಹುದು. ಖರೀದಿಗೆ ಮುನ್ನ ತೊಟ್ಟಿ ಎಷ್ಟು ಡಿಗ್ರಿ ಏಳುತ್ತದೆ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆದುಕೊಳ್ಳುವುದು ಸೂಕ್ತ. ಉಸುಕು ಮತ್ತು ಜಲ್ಲಿ ಸಾಗಣೆಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಪ್ರತ್ಯೇಕವಾಗಿ ಬೇಕಾಗುತ್ತದೆ.

3. ಎರಡು ಗಾಲಿಯೋ, ನಾಲ್ಕು ಗಾಲಿಯೋ?

ಎರಡು ಗಾಲಿಯ ಟ್ರೇಲರಿನಲ್ಲಿ ಹೊರೆಯ ಒಂದು ಭಾಗ ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ಬೀಳುತ್ತದೆ. ಇದರಿಂದ ಎರೆಭೂಮಿಯಲ್ಲಿ ಹಿಡಿತ ದೊರೆಯುತ್ತದೆ ಹಾಗೂ ಹಿಂದಕ್ಕೆ ಚಲಿಸುವುದು ಸುಲಭವಾಗುತ್ತದೆ. ಆದರೆ ಹೊರೆಯನ್ನು ತೀರಾ ಮುಂದಕ್ಕೆ ತುಂಬಿದಲ್ಲಿ ಟ್ರ್ಯಾಕ್ಟರಿನ ಮುಂಗಾಲಿಗಳು ಹಗುರಾಗಿ ಸ್ಟೀರಿಂಗ್ ಹತೋಟಿ ತಪ್ಪುತ್ತದೆ. ನಾಲ್ಕು ಗಾಲಿಯ ಟ್ರೇಲರ್ ತನ್ನ ಹೊರೆಯನ್ನು ತಾನೇ ಹೊರುವುದರಿಂದ ರಸ್ತೆ ಸಾಗಣೆಗೆ ಅನುಕೂಲ. ಆದರೆ ಮುಂದಿನ ಅಚ್ಚು ಹೆಚ್ಚು ತಿರುಗಿರುವಾಗ ತೊಟ್ಟಿ ಎತ್ತಿದರೆ ಪಕ್ಕಕ್ಕೆ ಉರುಳುವ ಅಪಾಯವಿದೆ.

4. ಟ್ರ್ಯಾಕ್ಟರಿನೊಂದಿಗೆ ಹೊಂದಾಣಿಕೆ

ಟಿಪ್ಪಿಂಗ್ ಜಾಕು ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯಿಂದಲೇ ಕೆಲಸ ಮಾಡುತ್ತದೆ. ಜಾಕು ದೊಡ್ಡದಾಗಿದ್ದು ಟ್ರ್ಯಾಕ್ಟರಿನಲ್ಲಿ ಎಣ್ಣೆ ಸಾಲದಿದ್ದಲ್ಲಿ ತೊಟ್ಟಿ ಅರ್ಧಕ್ಕೆ ನಿಲ್ಲುತ್ತದೆ ಹಾಗೂ ಪಂಪಿಗೆ ಹಾನಿಯಾಗುತ್ತದೆ. ಆದ್ದರಿಂದ ಖರೀದಿಗೆ ಮುನ್ನ ತಮ್ಮದೇ ಟ್ರ್ಯಾಕ್ಟರನ್ನು ಜೋಡಿಸಿ, ಹೊರೆ ತುಂಬಿ, ಪೂರ್ಣ ಎತ್ತರಕ್ಕೆ ಎತ್ತಿಸಿ ನೋಡತಕ್ಕದ್ದು. ಟ್ರೇಲರಿನ ಬ್ರೇಕ್, ಹಿಂದೀಪ ಹಾಗೂ ಪ್ರತಿಫಲಕಗಳನ್ನೂ ಆಗಲೇ ಪರಿಶೀಲಿಸತಕ್ಕದ್ದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಸಂಚರಿಸುವಾಗ ಹಿಂದಿನ ವಾಹನಕ್ಕೆ ಕಾಣಿಸದ ಟ್ರೇಲರ್ ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ.

5. ತೂಕದ ಲೆಕ್ಕ

ನೋಂದಣಿ ಪತ್ರದಲ್ಲಿ ನಮೂದಾಗುವ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದರೆ ಉಳಿಯುವುದೇ ಅನುಮತಿತ ಹೊರೆ. ಜಾಕು ಮತ್ತು ಹೆಚ್ಚುವರಿ ಚೌಕಟ್ಟಿನ ತೂಕವು ಖಾಲಿ ತೂಕಕ್ಕೆ ಸೇರುವುದರಿಂದ, ಒಟ್ಟು ತೂಕ ಒಂದೇ ಇದ್ದಾಗ ಟಿಪ್ಪಿಂಗ್ ಟ್ರೇಲರಿನಲ್ಲಿ ಅನುಮತಿತ ಹೊರೆ ಸ್ಥಿರ ಟ್ರೇಲರಿಗಿಂತ ಕಡಿಮೆ ಇರುತ್ತದೆ.

ಉದಾಹರಣೆ: ಒಟ್ಟು ತೂಕ 5,000 ಕಿ.ಗ್ರಾಂ, ಖಾಲಿ ತೂಕ 1,500 ಕಿ.ಗ್ರಾಂ ಎಂದು ಭಾವಿಸಿದಲ್ಲಿ ಅನುಮತಿತ ಹೊರೆ 3,500 ಕಿ.ಗ್ರಾಂ. ತೊಟ್ಟಿಯ ಅಳತೆ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ, ಅಂದರೆ 120 ಘನ ಅಡಿ ಇರಲಿ.

- ಅಂಚಿನ ಮಟ್ಟಕ್ಕೆ ಗೋವಿನಜೋಳ ತುಂಬಿದರೆ: ಸುಮಾರು 2,450 ಕಿ.ಗ್ರಾಂ (ಮಿತಿಯೊಳಗೆ)
- ಹಲಗೆ ಏರಿಸಿ ಮೂರೂವರೆ ಅಡಿ ಗೋವಿನಜೋಳ ತುಂಬಿದರೆ: ಸುಮಾರು 4,280 ಕಿ.ಗ್ರಾಂ (ಮಿತಿ ಮೀರಿದೆ)
- ಅಂಚಿನ ಮಟ್ಟಕ್ಕೆ ಒಣ ಉಸುಕು ತುಂಬಿದರೆ: ಸುಮಾರು 5,400 ಕಿ.ಗ್ರಾಂ (ಮಿತಿ ಮೀರಿದೆ)

ಮೇಲಿನ ಲೆಕ್ಕದಿಂದ ಕಂಡುಬರುವಂತೆ, ಒಂದು ಸರಕಿಗೆ ಸರಿಯಾದ ತೊಟ್ಟಿಯು ಮತ್ತೊಂದು ಸರಕಿಗೆ ಸರಿಯಾಗದು. 2019ರ ತಿದ್ದುಪಡಿಯ ನಂತರ ಕಾಯಿದೆಯ ಕಲಂ 194ರಲ್ಲಿ ಮಿತಿಮೀರಿದ ತೂಕಕ್ಕೆ 20,000 ರೂ. ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ದಂಡ ವಿಧಿಸಲು ಅವಕಾಶವಿದೆ. ಹೆಚ್ಚುವರಿ ಹೊರೆ ಇಳಿಸುವ ವೆಚ್ಚವೂ ಮಾಲೀಕರದ್ದೇ. ತೊಟ್ಟಿಯಿಂದ ಹೊರಕ್ಕೆ ಚಾಚಿದ ಅಥವಾ ಅನುಮತಿತ ಎತ್ತರ ಮೀರಿದ ಹೊರೆಗೂ ಇದೇ ಕಲಮಿನಲ್ಲಿ 20,000 ರೂ. ದಂಡವಿದೆ. ಹಗುರವಾದ ಮೆಣಸಿನಕಾಯಿ ಚೀಲಗಳನ್ನು ಎತ್ತರಕ್ಕೆ ಒಟ್ಟುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

6. ನೋಂದಣಿ ವಿಧಾನ

ಜಿಲ್ಲೆಯಲ್ಲಿ ಹಾವೇರಿಯ ಪ್ರಾದೇಶಿಕ ಸಾರಿಗೆ ಕಚೇರಿ (ಕೆಎ 27) ಹಾಗೂ ರಾಣೆಬೆನ್ನೂರಿನ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿ (ಕೆಎ 68) ಕಾರ್ಯನಿರ್ವಹಿಸುತ್ತಿವೆ. ಹೊಸ ವಾಹನವನ್ನು ಮಾರಾಟಗಾರರಿರುವ ರಾಜ್ಯದಲ್ಲಿಯೇ ನೋಂದಾಯಿಸುವಾಗ ಅರ್ಜಿಯನ್ನು ಮಾರಾಟಗಾರರೇ ಸಲ್ಲಿಸತಕ್ಕದ್ದು ಎಂದು ಕಾಯಿದೆಯ ಕಲಂ 41ರಲ್ಲಿ ತಿಳಿಸಲಾಗಿದೆ. ನೋಂದಣಿ ಸಂಖ್ಯೆ ಬರೆಯಿಸದ ಟ್ರೇಲರನ್ನು ಮನೆಗೆ ಒಯ್ಯಬಾರದು.

ಮುಖ್ಯವಾಗಿ ಬೇಕಾಗುವ ದಾಖಲೆಗಳು:

- ನಮೂನೆ 20ರಲ್ಲಿ ಅರ್ಜಿ
- ನಮೂನೆ 21ರಲ್ಲಿ ಮಾರಾಟ ಪ್ರಮಾಣಪತ್ರ
- ನಮೂನೆ 22ರಲ್ಲಿ ತಯಾರಕರ ರಸ್ತೆಯೋಗ್ಯತಾ ಪ್ರಮಾಣಪತ್ರ
- ಚಾಲ್ತಿಯಲ್ಲಿರುವ ವಿಮಾ ಪತ್ರ
- ಗುರುತಿನ ಹಾಗೂ ವಿಳಾಸದ ದಾಖಲೆ
- ಸಾಲದಿಂದ ಕೊಂಡಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಸಹಿ

ಸ್ಥಳೀಯ ವರ್ಕ್‌ಶಾಪಿನಲ್ಲಿ ತಯಾರಿಸಿದ ಟ್ರೇಲರ್ ಕೊಳ್ಳುವವರು, ಆ ಮಾದರಿಗೆ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 126ರಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆಯ ಅನುಮೋದನೆ ಇದೆಯೇ ಎಂದು ಮೊದಲೇ ವಿಚಾರಿಸತಕ್ಕದ್ದು. ಟ್ರೇಲರಿನ ಸಂಖ್ಯೆಯನ್ನು ಅದರ ಪಕ್ಕದಲ್ಲಿ ಹಾಗೂ ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯನ್ನು ಟ್ರೇಲರಿನ ಮೇಲೆ ಬರೆಯಿಸುವುದು ಕಲಂ 61ರ ಪ್ರಕಾರ ಕಡ್ಡಾಯ.

7. ಸುರಕ್ಷತೆ

- ತೊಟ್ಟಿ ಎತ್ತುವಾಗ ನೆಲ ಸಮತಟ್ಟಾಗಿದ್ದು, ಟ್ರ್ಯಾಕ್ಟರ್ ಮತ್ತು ಟ್ರೇಲರ್ ಒಂದೇ ನೇರದಲ್ಲಿರಬೇಕು.
- ಎತ್ತುವ ಮೊದಲು ತಲೆಯ ಮೇಲೆ ವಿದ್ಯುತ್ ತಂತಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೊಲ ಮತ್ತು ಕಣಗಳಲ್ಲಿ ಜೋತುಬಿದ್ದ ತಂತಿ ಕಂಡಲ್ಲಿ ಹೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಬೇಕು.
- ತಂತಿ ತಗುಲಿದಲ್ಲಿ ಚಾಲಕ ಆಸನದಲ್ಲಿಯೇ ಕುಳಿತಿರಬೇಕು. ಇತರರು ವಾಹನದ ಹತ್ತಿರ ಸುಳಿಯಬಾರದು. ಬೆಂಕಿ ಹತ್ತಿದಲ್ಲಿ ಮಾತ್ರ, ವಾಹನವನ್ನು ಮತ್ತು ನೆಲವನ್ನು ಏಕಕಾಲಕ್ಕೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಹೊರಕ್ಕೆ ಜಿಗಿಯಬೇಕು.
- ಎತ್ತಿದ ತೊಟ್ಟಿಯ ಕೆಳಗೆ ಕಬ್ಬಿಣದ ಆಧಾರ ನಿಲ್ಲಿಸದೆ ಯಾರೂ ಕೈಹಾಕಬಾರದು. ಎಣ್ಣೆಯ ಪೈಪು ಒಡೆದರೆ ತೊಟ್ಟಿ ಕ್ಷಣದಲ್ಲಿ ಕೆಳಗೆ ಬೀಳುತ್ತದೆ.
- ತೊಟ್ಟಿ ಪೂರ್ತಿ ಇಳಿಯದೆ ಟ್ರ್ಯಾಕ್ಟರ್ ಚಲಾಯಿಸಬಾರದು.
- ರಸ್ತೆಯಲ್ಲಿ ಟ್ರ್ಯಾಕ್ಟರಿನ ಎರಡೂ ಬ್ರೇಕ್ ಪೆಡಲುಗಳನ್ನು ಒಂದಕ್ಕೊಂದು ಜೋಡಿಸಿರಬೇಕು.
- ಟ್ರೇಲರಿನಲ್ಲಿ ಜನರನ್ನು ಸಾಗಿಸಬಾರದು. ಕೂಲಿಗೆ, ಜಾತ್ರೆಗೆ, ಮದುವೆಗೆ ಎಂಬ ಕಾರಣಗಳಿಂದ ಅಪಾಯ ಕಡಿಮೆಯಾಗುವುದಿಲ್ಲ. ಅಪಘಾತವಾದಲ್ಲಿ ಪರಿಹಾರದ ಹೊಣೆ ಮಾಲೀಕರ ಮೇಲೆಯೇ ಬೀಳಬಹುದು.

8. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಈಗಿರುವ ಸ್ಥಿರ ಟ್ರೇಲರಿಗೆ ಜಾಕು ಕೂಡಿಸಬಹುದೇ?
ಉತ್ತರ: ಇದು ಕಲಂ 52ರ ಅಡಿಯಲ್ಲಿ ವಾಹನದ ಮಾರ್ಪಾಡು ಎನಿಸುತ್ತದೆ. ನೋಂದಣಿ ಪ್ರಾಧಿಕಾರದಲ್ಲಿ ಮೊದಲು ವಿಚಾರಿಸದೆ ಕೆಲಸ ಮಾಡಿಸಬಾರದು.

ಪ್ರಶ್ನೆ: ಟ್ರೇಲರ್ ಜೋಡಿಸಿದಾಗ ಬೇರೆ ಚಾಲನಾ ಪರವಾನಗಿ ಬೇಕೇ?
ಉತ್ತರ: ಟ್ರ್ಯಾಕ್ಟರ್ ಚಲಾಯಿಸಲು ಸಿಂಧುವಾದ ಪರವಾನಗಿ ಹೊಂದಿರುವವರು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರನ್ನೂ ಚಲಾಯಿಸಬಹುದೆಂದು ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪು ನೀಡಿದೆ.

ಪ್ರಶ್ನೆ: ಟ್ರ್ಯಾಕ್ಟರಿನ ವಿಮೆ ಸಾಕೇ?
ಉತ್ತರ: ಟ್ರೇಲರಿನ ವಿವರ ವಿಮಾ ಪತ್ರದಲ್ಲಿ ಪ್ರತ್ಯೇಕವಾಗಿ ನಮೂದಾಗಿದೆಯೇ ಎಂದು ನೋಡಿಕೊಳ್ಳತಕ್ಕದ್ದು.

ಪ್ರಶ್ನೆ: ಹಳೆಯ ಟ್ರೇಲರ್ ಕೊಂಡಿದ್ದೇನೆ. ಏನು ಮಾಡಬೇಕು?
ಉತ್ತರ: ರಾಜ್ಯದೊಳಗಿನ ವರ್ಗಾವಣೆಯಾದಲ್ಲಿ ಮಾರಿದವರು 14 ದಿನಗಳೊಳಗೆ ಹಾಗೂ ಕೊಂಡವರು 30 ದಿನಗಳೊಳಗೆ ನಮೂನೆ 29 ಮತ್ತು 30ರ ಮೂಲಕ ಮಾಲೀಕತ್ವ ವರ್ಗಾವಣೆಯನ್ನು ವರದಿ ಮಾಡತಕ್ಕದ್ದು. ಹಳೆಯ ಮಾಲೀಕರ ಹೆಸರಿನಲ್ಲಿಯೇ ಉಳಿದ ಟ್ರೇಲರ್ ಅಪಘಾತಕ್ಕೀಡಾದರೆ ಇಬ್ಬರಿಗೂ ತೊಂದರೆಯಾಗುತ್ತದೆ.

ಪ್ರಶ್ನೆ: ವರ್ಷದಲ್ಲಿ ಕೆಲವೇ ದಿನ ಟಿಪ್ಪಿಂಗ್ ಟ್ರೇಲರ್ ಬೇಕಾಗುತ್ತದೆ. ಕೊಳ್ಳಲೇಬೇಕೇ?
ಉತ್ತರ: ಅಗತ್ಯವಿಲ್ಲ. ಬಾಡಿಗೆಗೆ ದೊರೆಯುವ ಬಗ್ಗೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸುವುದು ಒಳಿತು.

ಶುಲ್ಕ ಮತ್ತು ತೆರಿಗೆಯ ದರಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿ ಸಲ್ಲಿಸುವ ದಿನದಂದು ಚಾಲ್ತಿಯಲ್ಲಿರುವ ದರವನ್ನು ಕಚೇರಿಯ ಸೂಚನಾ ಫಲಕದಲ್ಲಿ ಅಥವಾ ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಬಹುದು. ಅರ್ಜಿದಾರರು ಶುಲ್ಕ ಪಾವತಿಸಿದ ರಸೀದಿಯನ್ನು ತಪ್ಪದೆ ಪಡೆದು, ನೋಂದಣಿ ಪತ್ರ ಕೈಸೇರುವವರೆಗೆ ಜೋಪಾನವಾಗಿ ಇರಿಸಿಕೊಳ್ಳಲು ಕೋರಲಾಗಿದೆ.